ಒಲಿಂಪಿಕ್ಸಿನ ದೊಡ್ಡ ಪೈಲ್ವಾನ ಯಾರು ಎಂಬ ಜಗಳ

ಜಗಳೂರಿನಲ್ಲಿ ನಾವಿದ್ದ ಮನೆ ಉದ್ದಕ್ಕೆ ಮೂರು ಕೋಣೆಗಳದ್ದು. ಮುಂದೊಂದು ಕೋಣೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಬೀದಿಬಾಗಿಲಲ್ಲಿ ನಿಂತವರಿಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನವರೆಗೂ ಎಲ್ಲ ಕಾಣುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಯಾವ ಮಾತನ್ನೂ ಬಚ್ಚಿಡುವುದು ಸಾಧ್ಯವಿರಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮುಂದಿನ ಕೋಣೆಯಲ್ಲಿ ಅವನ ಸೈಕಲ್ಲು, ಗಾಳಿ ಇಳಿದ ವಾಲಿಬಾಲುಗಳು, ಮೊಳೆಗೆ ನೇತುಹಾಕಿದ ಸೀಟಿ ಇರುತ್ತಿದ್ದವು. ನಡುಮನೆಯಲ್ಲಿ ಅಜ್ಜನ ಮಂಚ, ಟಿ.ವಿ., ಗೋಡೆಯ ಮೇಲೆ ಬುದ್ಧನ ಫೋಟೋ. ಅಡುಗೆಮನೆ ಅವ್ವನದು. ಅವಳು ಅಂಗನವಾಡಿಯಿಂದ ಬಂದು ಕಾಲು ತೊಳೆದು ಒಲೆ ಹಚ್ಚುವ ಹೊತ್ತಿಗೆ ಅಪ್ಪನೂ ಮೈದಾನದಿಂದ ಬಂದಿರುತ್ತಿದ್ದ. ಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿ ತಟ್ಟೆಗೆ ಬೀಳುತ್ತಿದ್ದಂತೆ ಕುಸ್ತಿಯ ಮಾತು ಶುರುವಾಗುತ್ತಿತ್ತು. ಬೇರೆ ಮನೆಗಳಲ್ಲಿ ಊಟದ ಹೊತ್ತಿಗೆ ಏನು ಮಾತಾಡುತ್ತಾರೆ ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಎಲ್ಲರೂ ಒಲಿಂಪಿಕ್ಸಿನ ಪೈಲ್ವಾನರ ಬಗ್ಗೆಯೇ ಮಾತಾಡುತ್ತಾರೆ ಎಂದುಕೊಂಡಿದ್ದೆ.

ಅಪ್ಪನ ಹತ್ತಿರ ಹಳೆಯದೊಂದು ಹಾಜರಿ ಪುಸ್ತಕವಿತ್ತು. ಪತ್ರಿಕೆಯ ಕ್ರೀಡಾಪುಟದಲ್ಲಿ ಕುಸ್ತಿಯ ಸುದ್ದಿ ಬಂದರೆ ಕತ್ತರಿಸಿ, ಅನ್ನದ ಅಗುಳಿನಿಂದ ಅದರಲ್ಲಿ ಅಂಟಿಸುತ್ತಿದ್ದ. ಸುದ್ದಿಗಳು ಬಹಳ ಇರಲಿಲ್ಲ. ಕ್ರಿಕೆಟ್ಟಿನ ಕೆಳಗೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಬರುತ್ತಿದ್ದವು. ಆ ಪುಸ್ತಕದ ಅರ್ಧವನ್ನು ಒಬ್ಬನೇ ತುಂಬಿಕೊಂಡಿದ್ದ. ಅವನು ಸೈಬೀರಿಯಾದವನು. ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ, ಸೈಬೀರಿಯಾದವನು ಎಂದೇ ಕರೆಯುತ್ತಿದ್ದೆವು. ಎಷ್ಟೋ ವರ್ಷಗಳಿಂದ ಯಾರಿಗೂ ಸೋಲದವನು, ನೆಲಕ್ಕೆ ಬೋರಲಾಗಿ ಅಂಟಿಕೊಂಡ ಭಾರಿ ಆಳನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಹಿಂದಕ್ಕೆ ಎಸೆಯುವವನು. ಅಪ್ಪನ ಪ್ರಕಾರ ಒಲಿಂಪಿಕ್ಸ್ ಶುರುವಾದಾಗಿನಿಂದ ಅವನಷ್ಟು ದೊಡ್ಡ ಪೈಲ್ವಾನ ಹುಟ್ಟಿಲ್ಲ. ಅಜ್ಜ ಇದನ್ನು ಒಪ್ಪುತ್ತಿರಲಿಲ್ಲ. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಹರೆಯದಲ್ಲಿ ಅವನು ಚನ್ನಗಿರಿಯ ಅಕ್ಕಿಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಗಿರಣಿಯ ಹಿಂದೆ ಒಬ್ಬ ಸಾಬರ ಗರಡಿಯಿತ್ತು. ಆ ಉಸ್ತಾದರು ಅವನಿಗೆ ಮಣ್ಣಿನಲ್ಲಿ ಕುಸ್ತಿ ಕಲಿಸಿದ್ದರು. ಅವರು ಹೇಳಿದ್ದ ಇರಾನಿನ ಪೈಲ್ವಾನನೊಬ್ಬನ ಕಥೆ ಅಜ್ಜನ ತಲೆಯಲ್ಲಿ ಕೂತಿತ್ತು. ಎದುರಾಳಿಯ ಒಂದು ಮೊಣಕಾಲು ನೋಯುತ್ತಿದೆ ಎಂದು ತಿಳಿದು ಆ ಕಾಲನ್ನು ಮುಟ್ಟದೆ ಆಡಿದವನಂತೆ ಅವನು.

"ಸೋತಿಲ್ಲ, ಸೋತಿಲ್ಲ ಅಂತೀಯಲ್ಲ ತಿಪ್ಪೇಶಿ," ಅಜ್ಜ ಮುದ್ದೆ ಮುರಿಯುತ್ತ ಅನ್ನುತ್ತಿದ್ದ. "ಯಾರ ಹತ್ರ ಆಡಿ ಸೋತಿಲ್ಲ ಅನ್ನೋದನ್ನ ಹೇಳು ಮದ್ಲು."

"ದುನಿಯಾದಾಗೆ ಇರೋರ ಹತ್ರ ಎಲ್ಲಾ ಆಡ್ಯಾನಪ್ಪಾ. ಒಲಿಂಪಿಕ್ಸ್ ಅಂದ್ರೆ ಯಾರ್ ಬೇಕಾದ್ರೂ ಬರಬಹುದು."

"ಯಾರ್ ಬೇಕಾದ್ರೂ ಬರಾಕೆ ಆಗುತ್ತಾ?"

"ಗೆದ್ದು ಬಂದ್ರೆ ಆಗುತ್ತೆ."

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಊಟ ಮಾಡುತ್ತಿದ್ದ ಅವ್ವ ಒಂದು ದಿನ ಮಧ್ಯೆ ಬಾಯಿ ಹಾಕಿದಳು.

"ನಿಮ್ಮ ಬುಕ್ಕಿನಾಗೆ ಒಬ್ಬಳೂ ಹೆಂಗಸು ಇಲ್ವಲ್ಲ ರೀ."

"ಹೆಂಗಸರಿಗೆ ಒಲಿಂಪಿಕ್ಸ್‌ನಾಗೆ ಕುಸ್ತಿ ಇನ್ನೂ ಇಟ್ಟಿಲ್ಲ."

"ಇಟ್ಟಿಲ್ಲ ಅಂದ್ರೆ ಬರಲ್ಲ ಅಂತಾನಾ?"

ಅಜ್ಜ ನಕ್ಕು, ಇನ್ನಷ್ಟು ಸಾರು ಹಾಕಿಸಿಕೊಂಡ. ಇಂಥ ಜಗಳಗಳಿಂದ ಯಾರಿಗೂ ನೋವಾಗುತ್ತಿರಲಿಲ್ಲ. ನನಗಾಗ ಹನ್ನೊಂದು ವರ್ಷ. ಇಬ್ಬರಿಗೂ ಸಾಕ್ಷಿ ನಾನೇ. ಅಪ್ಪ ಕೇಳಿದಾಗ ಪುಸ್ತಕ ತೆಗೆದು ಓದುತ್ತಿದ್ದೆ. ಅಜ್ಜ ಕೇಳಿದಾಗ ನೆಲದ ಮೇಲೆ ಮಲಗಿ, ಅವನು ತೋರಿಸುವ ಪಟ್ಟಿಗೆ ಕೈಕಾಲು ಕೊಡುತ್ತಿದ್ದೆ.

ಆ ವರ್ಷದ ಒಲಿಂಪಿಕ್ಸಿನಲ್ಲಿ ಸೈಬೀರಿಯಾದವನು ಫೈನಲ್ಲಿಗೆ ಬಂದ. ಟಿ.ವಿ.ಯಲ್ಲಿ ಕುಸ್ತಿ ತೋರಿಸಲಿಲ್ಲ. ಮರುದಿನ ಪೇಪರಿಗಾಗಿ ಅಪ್ಪ ಬಸ್‌ಸ್ಟ್ಯಾಂಡಿಗೇ ಹೋಗಿ ನಿಂತಿದ್ದ. ಮನೆಗೆ ಬಂದವನು ಪೇಪರನ್ನು ನನ್ನ ಕೈಗೆ ಕೊಡದೆ ಮಡಚಿ ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿದ. ಅವ್ವ ಕೊಟ್ಟ ರೊಟ್ಟಿಯನ್ನು ಮುಟ್ಟದೆ ಸ್ಕೂಲಿಗೆ ಹೋದ. ಸಂಜೆ ನಾನೇ ಅದನ್ನು ಬಿಡಿಸಿ ಓದಿದೆ. ಯಾರೂ ಹೆಸರು ಕೇಳಿರದ ಅಮೆರಿಕದವನೊಬ್ಬ ಅವನನ್ನು ಸೋಲಿಸಿದ್ದ. ಸೈಬೀರಿಯಾದವನು ಹಿಡಿದಿದ್ದ ಕೈ ಒಂದು ಕ್ಷಣ ಬಿಟ್ಟುಹೋಗಿತ್ತು. ಆ ಒಂದು ತಪ್ಪಿಗೆ ಕೊಟ್ಟ ಅಂಕದಲ್ಲಿಯೇ ಆಟ ಮುಗಿದಿತ್ತು.

ಊಟದ ಹೊತ್ತಿಗೆ ಅಜ್ಜ ಸುಮ್ಮನಿದ್ದರೆ ಆಗುತ್ತಿತ್ತು. ಅವನು ಸುಮ್ಮನಿರಲಿಲ್ಲ. ಅವನಿಗೆ ಖುಷಿಯೂ ಆಗಿರಲಿಲ್ಲ, ಅದು ಈಗ ನನಗೆ ಗೊತ್ತು. ಕೈ ಹೇಗೆ ಬಿಟ್ಟುಹೋಯಿತು ಎಂದು ತಿಳಿಯುವುದಷ್ಟೇ ಅವನಿಗೆ ಬೇಕಾಗಿತ್ತು.

"ಬೆವರಿಗೆ ಜಾರಿರಬೇಕು," ಅಂದ. "ಇಲ್ಲಾಂದ್ರೆ ಅಂಜಿರಬೇಕು. ಭಾಳ ವರ್ಷ ಸೋಲದೇ ಇದ್ದೋನಿಗೆ ಸೋಲಿನ ಅಂಜಿಕೆ ಜಾಸ್ತಿ."

"ನಿಂಗೇನ್ ಗೊತ್ತು?" ಅಪ್ಪ ತಟ್ಟೆಯಿಂದ ತಲೆಯೆತ್ತದೆ ಕೇಳಿದ.

"ಅಷ್ಟೂ ಗೊತ್ತಾಗಲ್ವೇನೋ? ಗರಡಿಯಾಗೆ..."

"ಗರಡಿಯಾಗೆ ಮಣ್ಣು ಹೊತ್ತೀಯ ಅಷ್ಟೆ. ಒಂದಾದ್ರೂ ಕಣದಾಗೆ ಇಳಿದೀಯೇನಪ್ಪಾ ನೀನು? ಒಂದು ಜೋಡಿ ಆಡಿಲ್ಲ. ಗೆಲ್ಲೋದು ಸೋಲೋದು ಅಂದ್ರೆ ಏನಂತ ನಿಂಗೆ ಹೆಂಗೆ ಗೊತ್ತಾಗ್ಬೇಕು?"

ಅಜ್ಜ ಬಾಯಲ್ಲಿದ್ದ ತುತ್ತನ್ನು ನುಂಗಿ, ತಟ್ಟೆಯಲ್ಲಿ ಕೈ ತೊಳೆದ. ಮುದ್ದೆ ಅರ್ಧ ಉಳಿದಿತ್ತು. ಅವನು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮರುದಿನದಿಂದ ಅವನು ತನ್ನ ತಟ್ಟೆಯನ್ನು ಮುಂದಿನ ಕೋಣೆಗೆ ಒಯ್ದು, ಸೈಕಲ್ಲಿನ ಪಕ್ಕ ಕೂತು ಉಣ್ಣತೊಡಗಿದ. ಅಪ್ಪನ ಜೊತೆ ಮಾತು ಬಿಡಲಿಲ್ಲ. ನೀರು ಬಂತಾ, ಬಸ್ ಹೋಯ್ತಾ ಎಂಬಂಥ ಮಾತುಗಳು ನಡೆಯುತ್ತಿದ್ದವು. ಕುಸ್ತಿಯ ಮಾತು ಮಾತ್ರ ನಿಂತಿತು.

ಹಿತ್ತಿಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಅವ್ವ ನನಗೆ ವಿಷಯ ಹೇಳಿದಳು. ಸಂತೇಬೆನ್ನೂರಿನ ಕಡೆ ಹಾಲೇಶಪ್ಪ ಎಂಬ ಪೈಲ್ವಾನರಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಎಲ್ಲಿ ಕುಸ್ತಿ ನಡೆದರೂ ಅವರದೇ ಗೆಲುವು. ಅವರನ್ನು ಚಿತ್ ಮಾಡಿದವರೇ, ಅಂದರೆ ಬೆನ್ನು ಪೂರ್ತಿ ನೆಲಕ್ಕೆ ಹತ್ತಿಸಿದವರೇ, ಇಲ್ಲ ಎಂಬ ಹೆಸರು. ಉಸ್ತಾದರು ಒಂದು ಸಲ ಕುಸ್ತಿ ನಡೆಸುವ ಪಂಚರ ಮುಂದೆ ನಿಂತು, ನನ್ನ ಶಿಷ್ಯ ದುರುಗಪ್ಪನಿಗೂ ಹಾಲೇಶಪ್ಪನಿಗೂ ಜೋಡಿ ಕಟ್ಟಿ ಎಂದು ಕೇಳಿದರಂತೆ. ಅಜ್ಜ ಲಂಗೋಟಿ ಕಟ್ಟಿ ಕಣದ ಅಂಚಿನಲ್ಲಿ ನಿಂತಿದ್ದನಂತೆ. ಹಾಲೇಶಪ್ಪ ಅವನನ್ನೊಮ್ಮೆ ನೋಡಿ, ಕೇರಿಯವನನ್ನು ಮುಟ್ಟಿ ಆಡುವುದಿಲ್ಲ ಎಂದುಬಿಟ್ಟರು. ಪಂಚರು ಸರಿ ಎಂದರು. ಆಮೇಲೆ ಯಾವ ಊರಿನಲ್ಲೂ ಅಜ್ಜನಿಗೆ ಜೋಡಿ ಕಟ್ಟಲಿಲ್ಲ. ಅವನು ಗರಡಿಗೆ ಹೋಗುವುದನ್ನು ಬಿಡಲಿಲ್ಲ, ಮೂಟೆ ಹೊರುವುದನ್ನೂ ಬಿಡಲಿಲ್ಲ.

"ನಿಮ್ಮಪ್ಪಂಗೆ ಇದೆಲ್ಲ ಗೊತ್ತೈತೆ," ಅಂದಳು ಅವ್ವ. "ಗೊತ್ತಿದ್ದೇ ಅಂದ."

ಅವಳು ಅಪ್ಪನಿಗೂ ಹೇಳಿದಳು, ನನ್ನೆದುರಿಗೇ.

"ಮಾವನ ಹತ್ರ ತಪ್ಪಾಯ್ತು ಅನ್ರಿ. ಒಂದು ಮಾತು."

"ಅನ್ನಾಕೆ ಬರಲ್ಲ ನಂಗೆ," ಅಂದ ಅಪ್ಪ. ಅದು ಸೊಕ್ಕಿನ ಮಾತಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಬರುತ್ತಿರಲಿಲ್ಲ.

ಅದರ ಮುಂದಿನ ರಜೆಯ ದಿನ ಅಪ್ಪ ನನ್ನನ್ನು ಕರೆದುಕೊಂಡು ಬಸ್ ಹತ್ತಿದ. ದಾವಣಗೆರೆಯಲ್ಲಿ ಇಳಿದು ಮಂಡಕ್ಕಿ ತಿಂದು ಇನ್ನೊಂದು ಬಸ್ ಹಿಡಿದೆವು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ; ಕಂಡಕ್ಟರ್ ಕೇಳಿದಾಗ ಸಂತೇಬೆನ್ನೂರು ಅಂದದ್ದು ಕೇಳಿಸಿತು. ಅಂದು ಅಲ್ಲಿ ಸಂತೆ. ತರಕಾರಿಯ ಗುಡ್ಡೆಗಳನ್ನು ದಾಟಿಕೊಂಡು, ವಿಚಾರಿಸುತ್ತ ಹೋದಾಗ ಒಂದು ಗೊಬ್ಬರದ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮುದುಕರನ್ನು ತೋರಿಸಿದರು. ಕುಸ್ತಿಯಲ್ಲಿ ಜಜ್ಜಿಹೋದ ಕಿವಿಗಳು ಮಡಚಿ ಮುದ್ದೆಯಾಗಿದ್ದವು, ಕುತ್ತಿಗೆ ಇನ್ನೂ ದಪ್ಪವಾಗಿಯೇ ಇತ್ತು. ನಾನು ಕೆಟ್ಟ ಮುಖವೊಂದನ್ನು ಕಲ್ಪಿಸಿಕೊಂಡಿದ್ದೆ. ಇವರದು ಸಾಧಾರಣ ಮುಖ. ಹಲ್ಲು ಉದುರಿದ್ದವು, ಕಣ್ಣಿಗೆ ದಪ್ಪ ಕನ್ನಡಕ.

"ಜಗಳೂರಿಂದ ಬಂದೀವಿ ರೀ. ನಾನು ದುರುಗಪ್ಪನ ಮಗ," ಅಂದ ಅಪ್ಪ.

"ಯಾವ ದುರುಗಪ್ಪ?"

"ಚನ್ನಗಿರಿ ಉಸ್ತಾದ್ ಸಾಬ್ರ ಗರಡಿ ದುರುಗಪ್ಪ."

ಹಾಲೇಶಪ್ಪನವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಅಂಗಡಿಯಲ್ಲಿದ್ದ ಅಳಿಯನನ್ನು ಕರೆದು ಚಹಾ ತರಲು ಕಳಿಸಿದರು. ಅವನು ಹೋದ ಮೇಲೆ ಕೇಳಿದರು.

"ಅದಾನಾ?"

"ಅದಾರೆ," ಅಂದ ಅಪ್ಪ. ಆ 'ರೆ'ಯನ್ನು ಅವನು ಒತ್ತಿ ಹೇಳಿದ. ಹಾಲೇಶಪ್ಪನವರು ತಲೆಯಾಡಿಸಿದರು.

ಅಪ್ಪ ಬೈಯಲು ಬಂದಿದ್ದನೋ, ಏನನ್ನಾದರೂ ಕೇಳಲು ಬಂದಿದ್ದನೋ ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಬಹುಶಃ ಅವನಿಗೂ ತಿಳಿದಿರಲಿಲ್ಲ. ಮುದುಕರೇ ಮಾತು ತೆಗೆದರು.

"ಕಣದ ವಿಷಯಕ್ಕೆ ಬಂದೀರಿ ಅಲ್ವಾ ಮೇಷ್ಟ್ರೇ? ಯಾವತ್ತಾದ್ರೂ ಯಾರಾದ್ರೂ ಬರ್ತಾರೆ ಅಂತ ನಂಗಿತ್ತು. ಒಂದು ಮಾತು ಹೇಳ್ತೀನಿ ಕೇಳ್ರಿ. ಅದಕ್ಕೆ ಒಂದು ವಾರ ಮುಂಚೆ ಉಸ್ತಾದರ ಗರಡಿಗೆ ಹೋಗಿದ್ದೆ, ಬೆಳಿಗ್ಗೆ. ನಿಮ್ಮಪ್ಪ ಮಣ್ಣಾಗೆ ಇದ್ದ. ನಂಗೆ ಎರಡು ಸಲ ಸಮಬಲ ಆದೋನು ಒಬ್ಬ ಇದ್ದ ನ್ಯಾಮತಿ ಕಡೆಯೋನು. ಅವನ್ನ ನಿಮ್ಮಪ್ಪ ಎತ್ತಿ ಹಾಕಿದ. ಮತ್ತೆ ಎಬ್ಬಿಸಿ ಮತ್ತೆ ಹಾಕಿದ. ನಾನು ಬಾಗಿಲಾಗೆ ನಿಂತು ನೋಡಿ, ಒಳಗೆ ಹೋಗದೇ ವಾಪಸ್ ಬಂದೆ."

ಚಹಾ ಬಂತು. ನನಗೂ ಒಂದು ಗ್ಲಾಸು ಕೊಟ್ಟರು.

"ಮತ್ತೆ ಜಾತಿ ಯಾಕೆ ತೆಗೆದ್ರಿ?" ಅಪ್ಪ ಕೇಳಿದ.

"ಅಂಜಿಕೆ ಆಗ್ತೈತೆ ಅಂದ್ರೆ ಊರೆಲ್ಲ ನಗುತ್ತೆ. ಜಾತಿ ಹೇಳಿದ್ರೆ ಯಾರೂ ನಗಲ್ಲ," ಅಂದರು ಹಾಲೇಶಪ್ಪನವರು.

ಕ್ಷಮಿಸಿ ಎಂದು ಅವರು ಅನ್ನಲಿಲ್ಲ. ಅಪ್ಪ ಗ್ಲಾಸನ್ನು ಕೆಳಗಿಟ್ಟು ಎದ್ದ. ಬಸ್ಸಿನಲ್ಲಿ ದಾವಣಗೆರೆ ದಾಟುವವರೆಗೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ, ನನಗೆ ಹೇಳುತ್ತಿದ್ದಾನೆಂಬ ಸೂಚನೆಯೂ ಇಲ್ಲದೆ, "ಸೋತಿಲ್ಲ ಅಂದ ತಕ್ಷಣ ನಂಬಬಾರ್ದು," ಅಂದ.

ಆ ಸಂಜೆ ಅಪ್ಪ ತನ್ನ ತಟ್ಟೆಯನ್ನು ತಾನೇ ಹಿಡಿದುಕೊಂಡು ಮುಂದಿನ ಕೋಣೆಗೆ ಹೋಗಿ, ಅಜ್ಜನೆದುರು ನೆಲದ ಮೇಲೆ ಕೂತ. ಕೋಣೆ ಸಣ್ಣದು, ಅವನ ಮೊಣಕಾಲು ಸೈಕಲ್ಲಿನ ಪೆಡಲಿಗೆ ತಾಗುತ್ತಿತ್ತು. ಸಂತೇಬೆನ್ನೂರಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅಜ್ಜನ ಮುಖದಲ್ಲಿ ಸಮಾಧಾನ ಕಾಣಬಹುದು ಎಂದು ಕಾದಿದ್ದ ನನಗೆ ಅಂಥದ್ದೇನೂ ಕಾಣಲಿಲ್ಲ.

"ಅಂಜಿದ್ದು ನಂಗೆ ಅವತ್ತೇ ಗೊತ್ತಿತ್ತು," ಅಂದ ಅಜ್ಜ. "ಬಾಗಿಲಾಗೆ ನಿಂತಿದ್ದು ನೋಡಿದ್ದೆ."

"ಮತ್ತೆ ಯಾರಿಗೂ ಯಾಕಪ್ಪಾ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಾನು ಹೇಳಿದ್ರೆ ಯಾರು ಕೇಳ್ತಾರೆ?" ಅಜ್ಜ ಈರುಳ್ಳಿ ಕಚ್ಚಿದ. "ಅವ್ನು ಒಲ್ಲೆ ಅಂದಿದ್ದು ಸಾವಿರ ಜನದ ಮುಂದೆ. ಈಗ ಗೊಬ್ಬರದ ಅಂಗಡಿ ಮುಂದೆ ಕೂತು ನಿಂಗೊಬ್ಬನಿಗೆ ಹೇಳಿದ್ರೆ ನಂಗೇನು ಮುಟ್ಟಿದಂಗಾಯ್ತು? ಜನದ ಮುಂದೆ ಹೇಳ್ಲಿ."

ಅಪ್ಪ ಅದೇ ಮಾತನ್ನು ಹಾಲೇಶಪ್ಪನವರಿಗೆ ಕಾಗದದಲ್ಲಿ ಬರೆದ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ನಮ್ಮ ಹೈಸ್ಕೂಲಿನ ಮೈದಾನದಲ್ಲಿ ನಡೆಯುವುದಿತ್ತು; ಕುಸ್ತಿಯನ್ನು ಉದ್ಘಾಟಿಸಲು ತಾವು ಬರಬೇಕು, ಬಂದರೆ ನಮ್ಮ ತಂದೆಯವರು ಹೇಳಿದ್ದು ಹೀಗಿದೆ, ಎಂದು ಬರೆದ. ಒಕ್ಕಣೆ ಬಿಟ್ಟರೆ ಅಜ್ಜನ ಮಾತು ಹಾಗೆಯೇ ಇತ್ತು. ಉತ್ತರ ಬರಲಿಲ್ಲ. ಹೆಡ್‌ಮಾಸ್ಟರಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ. ಅಂಥ ದೊಡ್ಡ ಪೈಲ್ವಾನರು ಬರುತ್ತಾರೆಂದು ಅವರು ಆಹ್ವಾನಪತ್ರಿಕೆಯಲ್ಲಿ ಹೆಸರನ್ನೂ ಹಾಕಿಸಿಬಿಟ್ಟರು. ಅಪ್ಪ ದಿನಾ ಪೋಸ್ಟ್‌ಮ್ಯಾನನ್ನು ಕೇಳುತ್ತಿದ್ದ. ಅಜ್ಜ ಕೇಳಲಿಲ್ಲ. ಆದರೆ ಕ್ರೀಡಾಕೂಟದ ಬೆಳಿಗ್ಗೆ ಅವನು ಅವ್ವನಿಂದ ಒಗೆದ ಪಂಚೆ ಕೇಳಿ ಇಸಿದುಕೊಂಡ.

ಹಾಲೇಶಪ್ಪನವರು ಬಂದರು. ಬಿಳಿ ಜುಬ್ಬ ಹಾಕಿಕೊಂಡು, ಒಬ್ಬರೇ, ಹತ್ತೂವರೆಯ ಬಸ್ಸಿಗೆ. ಹೆಡ್‌ಮಾಸ್ಟರು ಹಾರ ಹಾಕಿ, ಯಾರೂ ಚಿತ್ ಮಾಡದ ಪೈಲ್ವಾನರು ಎಂದು ಪರಿಚಯ ಹೇಳಿದರು. ಮೈದಾನದ ತುಂಬ ನಾಲ್ಕಾರು ಶಾಲೆಗಳ ಮಕ್ಕಳು, ಬದಿಯಲ್ಲಿ ಊರಿನವರು. ಅಜ್ಜ ಹಿಂದೆ, ಸೈಕಲ್ ನಿಲ್ಲಿಸುವ ಜಾಗದ ಹತ್ತಿರ ನಿಂತಿದ್ದ. ನಾನು ಅವನ ಪಕ್ಕದಲ್ಲಿದ್ದೆ. ಮೈಕು ಕೈಗೆ ಬಂದಾಗ ಹಾಲೇಶಪ್ಪನವರಿಗೆ ಮಾತಾಡಲು ಅಭ್ಯಾಸವಿಲ್ಲ ಎಂಬುದು ಗೊತ್ತಾಯಿತು. ಅದನ್ನು ಬಾಯಿಗೆ ತೀರಾ ಹತ್ತಿರ ಹಿಡಿದಿದ್ದರು.

"ನನ್ನನ್ನ ಯಾರೂ ಚಿತ್ ಮಾಡಿಲ್ಲ ಅಂತ ಈಗ ಇವರು ಹೇಳಿದ್ರು," ಅಂದರು. "ಅದು ಖರೆ ಅಲ್ಲ. ನನ್ನ ಚಿತ್ ಮಾಡೋನು ಒಬ್ಬ ಇದ್ದ. ಅವನ ಜೊತೆ ಆಡಲ್ಲ ಅಂತ ಅಂದೆ. ಜಾತಿ ನೆಪ ಹೇಳಿದೆ. ನಂಗೆ ಅಂಜಿಕೆ ಇತ್ತು. ಅವರ ಹೆಸರು ದುರುಗಪ್ನೋರು. ಇದೇ ಊರಾಗೆ ಅದಾರೆ. ಆ ಜೋಡಿ ಆಗಿದ್ರೆ ಬೀಳೋನು ನಾನು. ಇಷ್ಟೇ ಹೇಳಾಕೆ ಬಂದಿದ್ದೆ."

ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಭಾಷಣ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಮೈಕನ್ನು ಹಿಂದಕ್ಕೆ ತೆಗೆದುಕೊಂಡು, ನೂರು ಮೀಟರ್ ಓಟದವರು ಬರಬೇಕು ಎಂದರು. ಊರಿನವರಲ್ಲಿ ಮಾತ್ರ ಕೆಲವರು ತಿರುಗಿ ಅಜ್ಜನನ್ನು ನೋಡಿದರು. ಹತ್ತು ವರ್ಷದಿಂದ ಅವನನ್ನು ಪಿ.ಟಿ. ಮೇಷ್ಟ್ರ ಅಪ್ಪ ಎಂದಷ್ಟೇ ಬಲ್ಲವರು ಅವರು. ಅಜ್ಜ ಅವರ ಕಡೆ ನೋಡಲಿಲ್ಲ, ವೇದಿಕೆಗೂ ಹೋಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ನಡಿ, ಬಿಸಿಲು," ಎಂದು ಮನೆಯ ಕಡೆ ಹೊರಟ. ದಾರಿಯಲ್ಲಿ ಅವನ ಕೈ ಹಿಡಿದಿದ್ದೆ. ಮನೆಯ ತಿರುವು ಬಂದರೂ ಅವನು ನೇರ ಹೋಗಿಬಿಟ್ಟ, ನಾನೇ ಕೈ ಎಳೆದು ತಿರುಗಿಸಿದೆ. ಅದನ್ನು ಯಾರಿಗೂ ಹೇಳಬಾರದು ಎಂದು ನನಗೆ ತಾನಾಗಿಯೇ ತಿಳಿಯಿತು. ಬಹಳ ವರ್ಷ ಹೇಳಲೂ ಇಲ್ಲ.

ನಾಲ್ಕು ಗಂಟೆಗೆ ಅಪ್ಪ ಹಾಲೇಶಪ್ಪನವರನ್ನು ಮನೆಗೆ ಕರೆತಂದ. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರು ಮುದುಕರೂ ಮೊದಲು ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು, ಅಜ್ಜ ಮಂಚದ ಮೇಲೆ, ಅವರು ಬೆಂಚಿನ ಮೇಲೆ. ಅವ್ವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಹಾಲೇಶಪ್ಪನವರು ಹಲ್ಲಿಲ್ಲದ ಬಾಯಲ್ಲಿ ಮಂಡಕ್ಕಿಯನ್ನು ಮೆತ್ತಗೆ ಮಾಡಿಕೊಂಡು ತಿಂದರು. ಮಂಡಿನೋವಿಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಅಜ್ಜ ಕೇಳಿದ. ಆಮೇಲೆ ಉಸ್ತಾದರ ಮಾತು ಬಂತು. ಅವರು ಬೈಯುವಾಗ ಬಳಸುತ್ತಿದ್ದ ಉರ್ದು ಮಾತೊಂದನ್ನು ಇಬ್ಬರೂ ಒಟ್ಟಿಗೆ ನೆನಪು ಮಾಡಿಕೊಂಡರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಪ್ಪ ಹಾಜರಿ ಪುಸ್ತಕ ತಂದು ಬೆಂಚಿನ ಮೇಲಿಟ್ಟ.

"ನೀವೇ ಹೇಳ್ರಿ. ಒಲಿಂಪಿಕ್ಸ್‌ನಾಗೆ ಇವನಿಗಿಂತ ದೊಡ್ಡ ಪೈಲ್ವಾನ ಯಾರಿದಾರೆ?"

ಹಾಲೇಶಪ್ಪನವರು ಸೈಬೀರಿಯಾದವನ ಫೋಟೋವನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ನೋಡಿದರು. "ಹೆಗಲು ಚೆನ್ನಾಗೈತೆ," ಅಂದರು. "ಕಾಲು ಕಾಣ್ತಿಲ್ಲ. ಕಾಲು ನೋಡದೇ ಹೆಂಗೆ ಹೇಳ್ಲಿ?"

"ನಾನೂ ಅದನ್ನೇ ಹೇಳ್ತಿದ್ದೆ," ಅಂದ ಅಜ್ಜ. ಅವನು ಅದನ್ನು ಎಂದೂ ಹೇಳಿರಲಿಲ್ಲ. ಅಪ್ಪ ವಾದಕ್ಕೆ ಇಳಿದ. ಮುದುಕರಿಬ್ಬರೂ ಒಂದು ಕಡೆಯಾದರು. ನನ್ನನ್ನು ನೆಲದ ಮೇಲೆ ಮಲಗಿಸಿ, ಆ ಎತ್ತುವ ಪಟ್ಟಿನಿಂದ ಹೇಗೆ ತಪ್ಪಿಸಿಕೊಳ್ಳಬಹುದಿತ್ತು ಎಂದು ಇಬ್ಬರೂ ಎರಡು ಥರ ತೋರಿಸಿದರು. ಬಸ್ಸಿಗೆ ತಡವಾಗುತ್ತದೆಂದು ಅವ್ವನೇ ನೆನಪಿಸಬೇಕಾಯಿತು.

ಅವರನ್ನು ಬಸ್ ಹತ್ತಿಸಿ ಅಪ್ಪ ಬರುವ ಹೊತ್ತಿಗೆ ಅಜ್ಜನದೂ ಸೇರಿ ತಟ್ಟೆಗಳು ಮತ್ತೆ ನಡುಮನೆಯಲ್ಲಿದ್ದವು. ಅಪ್ಪನಿಗೆ ಇನ್ನೂ ವಾದ ಮುಗಿದಿರಲಿಲ್ಲ.

"ಈಗಾದ್ರೂ ಹೇಳಪ್ಪಾ. ಯಾರು ದೊಡ್ಡೋನು?"

ಅಜ್ಜ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ.

"ಒಲಿಂಪಿಕ್ಸ್‌ದು ನಂಗೊತ್ತಿಲ್ಲ ಬಿಡು," ಅಂದ. "ಹಾಲೇಶಪ್ಪ ಇವತ್ತು ಬಿದ್ದ ನೋಡು, ಅಷ್ಟು ಜನದ ಮುಂದೆ, ಯಾರೂ ಮುಟ್ಟದೇನೇ. ಬೆನ್ನು ಪೂರ್ತಿ ನೆಲಕ್ಕೆ ಹತ್ತಂಗೆ ತಾನೇ ಬಿದ್ದ. ಉಸ್ತಾದರು ನಂಗೆ ಎಲ್ಲಾ ಪಟ್ಟು ಹೇಳಿಕೊಟ್ಟಿದ್ರು ತಿಪ್ಪೇಶಿ. ಅದೊಂದು ಹೇಳಿಕೊಟ್ಟಿರಲಿಲ್ಲ."